ಯಾವ ಸಾವಿಗೆ ಯಾವ ಹೆಸರು? ಹೇಗ್ ಕೋರ್ಟಿನಿಂದ ಕಲಾದಗಿ ಬರದವರೆಗೆ

‘ನರಮೇಧ’ ಎಂಬ ಮಾತು ಈಗ ಪೇಪರಿನಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದಾಗ ಕನ್ನಡದ ಪತ್ರಿಕೆಗಳೂ ಟಿವಿ ಚಾನೆಲ್‌ಗಳೂ ಅದನ್ನು ನರಮೇಧ ಎಂದೇ ಕರೆದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗವೊಂದು ಗಾಜಾದಲ್ಲಿ ಇಸ್ರೇಲ್ ನರಮೇಧ ನಡೆಸಿದೆ ಎಂದಿತು. ಇಸ್ರೇಲ್ ಅದನ್ನು ಪೂರ್ತಿ ತಳ್ಳಿಹಾಕಿತು. ಅತ್ತ ಆಫ್ರಿಕಾ ಒಕ್ಕೂಟ 2025ನೇ ಇಸವಿಯನ್ನು ಗುಲಾಮಗಿರಿ ಮತ್ತು ವಸಾಹತು ಆಳ್ವಿಕೆಗೆ ಪರಿಹಾರ ಕೇಳುವ ವರ್ಷವಾಗಿ ಆಚರಿಸಿತು. ನಮ್ಮಲ್ಲಿ 2021ರಿಂದ ಆಗಸ್ಟ್ 14 ದೇಶ ವಿಭಜನೆಯ ಕರಾಳತೆಯನ್ನು ನೆನೆಯುವ ದಿನ.

ಇದನ್ನೆಲ್ಲ ಒಟ್ಟಿಗೆ ಓದಿದವರಿಗೆ ತಲೆ ಗಿರ್ ಅನ್ನುವುದು ಸಹಜ. “26 ಮಂದಿ ಸತ್ತರೂ ನರಮೇಧ, ಲಕ್ಷಗಟ್ಟಲೆ ಸತ್ತರೂ ನರಮೇಧ. ಹೆಂಗ್ರಿ ಇದು?” ಎಂದು ಬೆಳಗಾವಿಯ ಚಹಾದಂಗಡಿಯಲ್ಲಿ ಯಾರಾದರೂ ಕೇಳಿದರೆ ಅದು ಸಣ್ಣ ಪ್ರಶ್ನೆಯಲ್ಲ. ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆ ಬರುತ್ತವೆ. ಒಂದು ಸಮುದಾಯದ ನೋವನ್ನು ಇನ್ನೊಂದರ ಜೊತೆ ಹೋಲಿಸಬಹುದಾ? ಕೆಲವನ್ನು ನೂರಾರು ವರ್ಷ ನೆನಪಿಟ್ಟುಕೊಂಡು ಇನ್ನು ಕೆಲವನ್ನು ಪೂರಾ ಮರೆತುಬಿಡುತ್ತೇವಲ್ಲ, ಅದು ಯಾಕೆ? ಇದಕ್ಕೆ ಉತ್ತರ ಹುಡುಕಲು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಗಬೇಕು, ಬಾಗಲಕೋಟೆಯ ಕಲಾದಗಿಗೂ ಹೋಗಬೇಕು.

ಒಂದೇ ಮಾತು, ಎರಡು ಕೆಲಸ

ನರಮೇಧ, ಮಾರಣಹೋಮ ಎರಡೂ ಯಜ್ಞದ ಕಡೆಯಿಂದ ಬಂದ ಮಾತುಗಳು. ಬಲಿ, ಬೆಂಕಿ, ಗುಂಪು ಗುಂಪಾಗಿ ಸಾವು ಎಲ್ಲ ಆ ಮಾತಿನಲ್ಲೇ ಇದೆ. ಕೇಳಿದ ಕೂಡಲೇ ಮೈ ಜುಂ ಅನ್ನುತ್ತದೆ. ಪತ್ರಿಕೆಗೆ ಬೇಕಾದದ್ದೂ ಅದೇ. ಹಾಗಾಗಿ ಕನ್ನಡದಲ್ಲಿ ನರಮೇಧ ಎಂದರೆ ‘ಭೀಕರವಾದ ಕೊಲೆಗಳು’ ಎಂದು ಅರ್ಥ. ಎಷ್ಟು ಜನ, ಯಾಕೆ, ಯಾರು ಎಂಬ ಕಟ್ಟುಪಾಡು ಅದಕ್ಕಿಲ್ಲ. ಇದರಲ್ಲಿ ತಪ್ಪೇನಿಲ್ಲ, ಭಾಷೆ ಇರುವುದೇ ಹಾಗೆ.

ಕೋರ್ಟಿನಲ್ಲಿ ಬಳಸುವ ಮಾತು ಬೇರೆ. ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್ 1944ರಲ್ಲಿ ‘ಜೆನೊಸೈಡ್’ ಎಂಬ ಹೊಸ ಪದ ಕಟ್ಟಿದರು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದನ್ನು ತಡೆಯುವ ಒಪ್ಪಂದ ಅಂಗೀಕರಿಸಿತು. ಭಾರತ 1959ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕನ್ನಡದಲ್ಲಿ ಇದಕ್ಕೆ ‘ಜನಾಂಗ ಹತ್ಯೆ’ ಎಂಬ ಮಾತೇ ಹತ್ತಿರ. ಒಂದು ರಾಷ್ಟ್ರೀಯ, ಬುಡಕಟ್ಟು, ವರ್ಣ ಅಥವಾ ಧರ್ಮದ ಗುಂಪನ್ನು, ಪೂರ್ತಿಯಾಗಿ ಇಲ್ಲವೇ ಭಾಗಶಃ, ನಾಶ ಮಾಡಬೇಕೆಂಬ ಉದ್ದೇಶದಿಂದಲೇ ಮಾಡಿದ ಕೃತ್ಯ ಅದು. ಈ ‘ಉದ್ದೇಶ’ ಎಂಬ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ಎಷ್ಟು ಜನ ಸತ್ತರು ಎಂಬುದು ಇಲ್ಲಿ ಮುಖ್ಯ ಅಳತೆ ಆಗುವುದಿಲ್ಲ.

ಎರಡು ತೀರ್ಪು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣದಲ್ಲಿ 8 ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ಜನಾಂಗ ಹತ್ಯೆ ಎಂದಿತು. ಅದೇ ಯುದ್ಧದಲ್ಲಿ ಬೋಸ್ನಿಯಾದ ಬೇರೆ ಕಡೆ ನಡೆದ ಕೊಲೆಗಳಿಗೆ ಆ ಹೆಸರು ಸಿಗಲಿಲ್ಲ, ಉದ್ದೇಶ ಸಾಬೀತಾಗಲಿಲ್ಲ ಎಂಬ ಕಾರಣಕ್ಕೆ. ಇನ್ನೊಂದು ಕಾಂಬೋಡಿಯಾ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಜಾಸ್ತಿ ಜನ ಸತ್ತರೆಂಬುದು ಅಂದಾಜು. 2018ರ ತೀರ್ಪಿನಲ್ಲಿ ಅಲ್ಲಿನ ವಿಯೆಟ್ನಾಮಿ ಮತ್ತು ಚಾಮ್ ಮುಸ್ಲಿಂ ಅಲ್ಪಸಂಖ್ಯಾತರ ಕೊಲೆಯಷ್ಟೇ ಜನಾಂಗ ಹತ್ಯೆ ಎನಿಸಿತು. ಸತ್ತವರಲ್ಲಿ ಹೆಚ್ಚಿನವರು ಕೊಂದವರ ಜನಾಂಗಕ್ಕೇ ಸೇರಿದ ಖ್ಮೇರರು. ಅವರ ಸಾವು ‘ಮಾನವೀಯತೆಯ ವಿರುದ್ಧದ ಅಪರಾಧ’ ಎಂಬ ಬೇರೆ ಕಲಮಿಗೆ ಹೋಯಿತು.

ಭಾರತದ ಸ್ಥಿತಿ ಇನ್ನೂ ವಿಚಿತ್ರ. ಒಪ್ಪಂದಕ್ಕೆ ಸಹಿ ಇದೆ, ಆದರೆ ಅದಕ್ಕಾಗಿ ದೇಶದೊಳಗೆ ಕಾನೂನು ಮಾಡಿಲ್ಲ. 1984ರ ಸಿಖ್ ವಿರೋಧಿ ಹಿಂಸೆಯ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಶಿಕ್ಷೆ ಕೊಟ್ಟ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಈ ಕೊರತೆಯನ್ನು ಬಿಡಿಸಿ ಹೇಳಿತು. ಹಾಗಾಗಿ ನಮ್ಮಲ್ಲಿ ಒಂದು ಘಟನೆಯನ್ನು ನರಮೇಧ ಎಂದು ಕರೆದರೂ, ಕರೆಯದಿದ್ದರೂ ಕೋರ್ಟಿನಲ್ಲಿ ಅದಕ್ಕೆ ಬೇರೆ ಕಲಂ ಇಲ್ಲ.

ಆ ಹೆಸರಿಗೇ ಯಾಕಿಷ್ಟು ಜಗ್ಗಾಟ?

ಜನರ ಮನಸ್ಸಿನಲ್ಲಿ ಅದು ಎಲ್ಲ ಅಪರಾಧಗಳ ಶಿಖರ. ಆ ಹೆಸರು ಸಿಗಲಿಲ್ಲ ಎಂದರೆ ‘ನಮ್ಮ ನೋವು ಕಡಿಮೆ ಎಂದರು’ ಅನ್ನಿಸುತ್ತದೆ. ಸಿಕ್ಕರೆ ಎದುರಿನವರಿಗೆ ‘ನಮ್ಮನ್ನು ಹಿಟ್ಲರನ ಸಾಲಿಗೆ ಸೇರಿಸಿದರು’ ಅನ್ನಿಸುತ್ತದೆ. 2024ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ರೆಬ್ರೆನಿತ್ಸಾಗೆ ಒಂದು ಸ್ಮರಣೆಯ ದಿನ ಗೊತ್ತು ಮಾಡಲು ಮತ ಹಾಕಿತು. ಕೋರ್ಟಿನಲ್ಲಿ ತೀರ್ಮಾನವಾಗಿದ್ದ ವಿಷಯ ಅದು. ಆದರೂ ಪರ 84, ವಿರೋಧ 19, ತಟಸ್ಥ 68. ಸುಮ್ನೆ ಒಂದು ದಿನ ನೆನೆಯುವುದಕ್ಕೂ ಜಗತ್ತು ಒಂದಾಗಲಿಲ್ಲ.

ಒಂದೇ ದಿನವನ್ನು ಎರಡು ಥರ ನೆನೆಯುವುದು ಬೆಳಗಾವಿಯವರಿಗೆ ಹೊಸದೇನಲ್ಲ. ನವೆಂಬರ್ 1 ಕನ್ನಡಿಗರಿಗೆ ಹಬ್ಬ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಎಂಇಎಸ್‌ಗೆ ಕರಾಳ ದಿನ. ಸಾವುನೋವಿನ ಪ್ರಮಾಣದಲ್ಲಿ ಇದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ನೆನಪು ಕೆಲಸ ಮಾಡುವ ರೀತಿ ಒಂದೇ. ಹಿಂದೆ ಆದದ್ದಕ್ಕಿಂತ ಇವತ್ತು ಯಾರಿಗೆ ಏನು ಬೇಕಾಗಿದೆ ಎಂಬುದೇ ಅಲ್ಲಿ ಜಾಸ್ತಿ ಮಾತಾಡುತ್ತದೆ.

ಗಾಜಾದ ವಿಷಯ ಗೊಂದಲವಾಗಿರುವುದೂ ಇದಕ್ಕೇ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಅದರ ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ, 2025ರ ಹೊತ್ತಿಗೆ 60 ಸಾವಿರ ದಾಟಿತ್ತು. ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್ 29ರಂದು ಇಸ್ರೇಲ್ ವಿರುದ್ಧ ಹೇಗ್‌ನಲ್ಲಿ ದಾವೆ ಹೂಡಿತು. 2024ರ ಜನವರಿ 26ರಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಅದು ‘ಜನಾಂಗ ಹತ್ಯೆ ನಡೆದಿದೆ’ ಎಂಬ ತೀರ್ಪಲ್ಲ. ‘ಜನಾಂಗ ಹತ್ಯೆಯಿಂದ ರಕ್ಷಣೆ ಪಡೆಯುವ ಹಕ್ಕು ಗಾಜಾದ ಪ್ಯಾಲೆಸ್ಟೀನಿಯರಿಗೆ ಇದೆ ಎಂಬ ವಾದ ಮೇಲ್ನೋಟಕ್ಕೆ ಒಪ್ಪುವಂತಿದೆ, ತೀರ್ಪಿನವರೆಗೆ ಈ ಈ ಎಚ್ಚರ ತೆಗೆದುಕೊಳ್ಳಿ’ ಎಂಬ ಆದೇಶ. 2025ರಲ್ಲಿ ಜನಾಂಗ ಹತ್ಯೆ ಎಂದದ್ದು ಬೇರೆ ಸಂಸ್ಥೆ, ವಿಶ್ವಸಂಸ್ಥೆಯ ತನಿಖಾ ಆಯೋಗ. ಸುದ್ದಿಯಲ್ಲಿ ಎರಡೂ ಕಲಸಿ ‘ವಿಶ್ವಸಂಸ್ಥೆ ಹೇಳಿತು’ ಎಂದಾಗುತ್ತದೆ.

ಗುಲಾಮಗಿರಿ ಈ ಅಳತೆಗೆ ಸಿಗುವುದಿಲ್ಲ

ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದಲ್ಲಿ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ ಜನ. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಇದು ಜನಾಂಗ ಹತ್ಯೆಯಾ? ಕಾನೂನಿನ ಅಳತೆಗೋಲು ಇಟ್ಟರೆ ಸರಿಹೊಂದುವುದಿಲ್ಲ. ಗುಲಾಮನನ್ನು ದುಡ್ಡು ಕೊಟ್ಟು ಕೊಂಡವನಿಗೆ ಆತ ಬದುಕಿ ದುಡಿಯಬೇಕಿತ್ತು. ನಾಜಿಗಳ ಆಶ್ವಿಟ್ಜ್ ಶಿಬಿರ ಇದ್ದದ್ದು ಕೊಲ್ಲುವುದಕ್ಕಾಗಿ. ಕಬ್ಬಿನ ತೋಟ ಇದ್ದದ್ದು ದುಡಿಸಿ ದುಡಿಸಿ ಸವೆಸುವುದಕ್ಕಾಗಿ.

ಇದನ್ನು ಅರಿಯಲು ಬ್ರೂಕ್ಸ್ ಎಂಬ ಹಡಗಿನ ಚಿತ್ರ ನೋಡಬೇಕು. 1788ರಲ್ಲಿ ಇಂಗ್ಲೆಂಡಿನ ಗುಲಾಮಗಿರಿ ವಿರೋಧಿಗಳು ಅದನ್ನು ಅಚ್ಚು ಹಾಕಿಸಿ ಹಂಚಿದರು. ಹಡಗಿನ ಒಳಮೈಯನ್ನು ಮೇಲಿನಿಂದ ನೋಡಿದಂತೆ ಬಿಡಿಸಿದ್ದಾರೆ. ಸಾಲು ಸಾಲಾಗಿ ಮಲಗಿಸಿದ ಮನುಷ್ಯರು, ಡಬ್ಬಿಯಲ್ಲಿ ಬೆಂಕಿಕಡ್ಡಿ ಜೋಡಿಸಿದ ಹಾಗೆ. ಕಾನೂನಿನ ಪ್ರಕಾರ 454 ಜನರನ್ನು ತುಂಬಬಹುದಿತ್ತು, ಅದಕ್ಕೂ ಮುಂಚೆ ಅದೇ ಹಡಗು 600ಕ್ಕೂ ಹೆಚ್ಚು ಜನರನ್ನು ಹೊತ್ತಿತ್ತು. ಹಡಗಿನ ಮಾಲೀಕನಿಗೆ ಇದು ದ್ವೇಷದ ಮಾತಲ್ಲ, ಬಾಡಿಗೆ ಮತ್ತು ಜಾಗದ ಲೆಕ್ಕ. ಆ ತಣ್ಣನೆಯ ಲೆಕ್ಕವೇ ಈ ಅಪರಾಧದ ತಿರುಳು.

ಹೋಲಿಕೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಎರಡು ಅನ್ಯಾಯಗಳನ್ನು ಪಕ್ಕಪಕ್ಕ ಇಟ್ಟಾಗ ಪ್ರತಿಯೊಂದೂ ಯಾವ ಯಂತ್ರದಿಂದ ನಡೆಯಿತು ಎಂಬುದು ಕಾಣುತ್ತದೆ. ತಕ್ಕಡಿಯಲ್ಲಿ ಹಾಕಿ ಯಾವುದು ಭಾರ ಎಂದು ನೋಡಲು ಹೊರಟರೆ ಯಂತ್ರ ಕಣ್ಮರೆಯಾಗಿ ತೂಕವೊಂದೇ ಉಳಿಯುತ್ತದೆ. ಜರ್ಮನಿಯಲ್ಲಿ ಎರಡೂ ನಡೆದಿವೆ. 1986ರಲ್ಲಿ ಅರ್ನ್ಸ್ಟ್ ನೋಲ್ಟೆ ಎಂಬ ಇತಿಹಾಸಕಾರ, ನಾಜಿಗಳ ಕೊಲೆ ಶಿಬಿರಕ್ಕಿಂತ ಮುಂಚೆ ಸೋವಿಯತ್ ಶಿಬಿರಗಳು ಇದ್ದವಲ್ಲ ಎಂದು ಕೇಳಿದರು. ತತ್ವಜ್ಞಾನಿ ಯೂರ್ಗೆನ್ ಹಾಬರ್ಮಾಸ್ ಕೂಡಲೇ ಅಡ್ಡ ನಿಂತರು. ಈ ಹೋಲಿಕೆ ಜರ್ಮನಿಯ ಹೆಗಲಿನ ಭಾರ ಇಳಿಸುವುದಕ್ಕೆ ಎಂದರು. ಅವರ ಅನುಮಾನ ನ್ಯಾಯವಾದದ್ದೇ.

ನಮೀಬಿಯಾದ ಹೆರೆರೊ ಮತ್ತು ನಾಮಾ ಜನ ಅದೇ ಹೋಲಿಕೆಯನ್ನು ಉಲ್ಟಾ ಬಳಸಿದರು. 1904ರಿಂದ 1908ರವರೆಗೆ ಜರ್ಮನ್ ಸೈನ್ಯ ಅವರನ್ನು ಮರುಭೂಮಿಗೆ ಅಟ್ಟಿ, ಶಿಬಿರಗಳಲ್ಲಿ ಕೂಡಿಹಾಕಿ ಸಾಯಿಸಿತ್ತು. ‘ಯಹೂದಿಗಳಿಗೆ ಆದದ್ದನ್ನು ಒಪ್ಪಿಕೊಂಡಿರಿ, ನಮಗೆ ಆದದ್ದು?’ ಎಂದು ಕೇಳಿದರು. 2021ರಲ್ಲಿ ಜರ್ಮನಿ ಅದನ್ನು ಜನಾಂಗ ಹತ್ಯೆ ಎಂದು ಒಪ್ಪಿ 30 ವರ್ಷಗಳಲ್ಲಿ 110 ಕೋಟಿ ಯೂರೊ ಕೊಡುವುದಾಗಿ ಹೇಳಿತು. ಆದರೆ ಅದನ್ನು ಪರಿಹಾರ ಎನ್ನದೆ ಅಭಿವೃದ್ಧಿ ನೆರವು ಎಂದಿತು. ಮಾತುಕತೆಯಲ್ಲಿ ನಮ್ಮನ್ನು ಸರಿಯಾಗಿ ಕೂರಿಸಿಕೊಳ್ಳಲಿಲ್ಲ ಎಂಬ ಸಿಟ್ಟು ಆ ಸಮುದಾಯಗಳಲ್ಲಿ ಇನ್ನೂ ಇದೆ.

ಕಂಪನಿ ಸೀಮೆಯನ್ನು ಹೊರಗಿಟ್ಟ ಕಾನೂನು

ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡಿತು ಎಂದು ಶಾಲೆಯಲ್ಲಿ ಓದುತ್ತೇವೆ. ಎರಡು ಸಂಗತಿ ಅದರಲ್ಲಿ ಬಿಟ್ಟುಹೋಗುತ್ತವೆ. ಮೊದಲನೆಯದು, 2 ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಅದಕ್ಕಾಗಿ ಮಾಡಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಎರಡನೆಯದು ನಮಗೆ ನೇರವಾಗಿ ತಟ್ಟುವಂಥದ್ದು. ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಆ ಕಾನೂನು ಅನ್ವಯಿಸಲಿಲ್ಲ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಬೆಳಗಾವಿ ಸೀಮೆ ಕಂಪನಿಯ ಕೈಯಲ್ಲಿತ್ತು. ಇಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಅದು ಅಪರಾಧ ಎನಿಸಿದ್ದು 1860ರ ದಂಡ ಸಂಹಿತೆಯಲ್ಲಿ.

ನಮ್ಮ ಭಾಗದಲ್ಲಿ ಆಫ್ರಿಕಾದ ಗುಲಾಮರ ನೆನಪು ಎರಡು ಥರ ಉಳಿದಿದೆ. ವಿಜಯಪುರದಲ್ಲಿ ಅದು ಅರಮನೆಯ ನೆನಪು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಬಲಾಢ್ಯ ಮಂತ್ರಿ. ಸುಲ್ತಾನನ ಪಕ್ಕದಲ್ಲಿ ಅವನ ಚಿತ್ರ ಬಿಡಿಸಿದ್ದಾರೆ. ಇಥಿಯೋಪಿಯಾದಿಂದ ಕೈಯಿಂದ ಕೈಗೆ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರವನ್ನೇ ಆಳಿದ. 1624ರಲ್ಲಿ ಸೈನ್ಯ ಕಟ್ಟಿಕೊಂಡು ವಿಜಯಪುರದ ಪಕ್ಕದ ನವರಸಪುರದವರೆಗೆ ಬಂದ.

ಇದನ್ನು ಮುಂದಿಟ್ಟು ‘ನಮ್ಮ ಕಡೆಯ ಗುಲಾಮಗಿರಿ ಅಮೆರಿಕದಷ್ಟು ಕ್ರೂರ ಇರಲಿಲ್ಲ’ ಎನ್ನುವವರಿದ್ದಾರೆ. ಅರ್ಧ ನಿಜ. ದಖ್ಖನ್ನಿನ ಸೈನಿಕ ಗುಲಾಮಗಿರಿಗೂ ಹುಟ್ಟಿದ ಕೂಸೂ ಮಾಲೀಕನ ಸೊತ್ತಾಗುತ್ತಿದ್ದ ತೋಟದ ಗುಲಾಮಗಿರಿಗೂ ವ್ಯತ್ಯಾಸ ಇತ್ತು. ಆದರೆ ಚಿತ್ರ ಬಿಡಿಸಿದ್ದು ಗೆದ್ದವರದ್ದು ಮಾತ್ರ. ಖಾನಾಪುರದ ಕಾಡಂಚಿಗೆ ಹೋದರೆ ಇನ್ನೊಂದು ನೆನಪು ಸಿಗುತ್ತದೆ. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು, ಸಿದ್ದಿಗಳು, ಅಲ್ಲಿ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಬೆಳಗಾವಿ, ಧಾರವಾಡದವರಿಗೆ ಅದು ಬರಲು 2020 ಆಯಿತು. ಜಿಲ್ಲೆಯ ಗಡಿ ದಾಟಿದ್ದಕ್ಕೆ ಒಂದೇ ಮನೆತನದವರಿಗೆ ಹದಿನೇಳು ವರ್ಷ ತಡ. ಗುಲಾಮಗಿರಿಯ ಬಾಕಿ ಎಂದರೆ ಕೆಲವೊಮ್ಮೆ ಜಾತಿ ಪ್ರಮಾಣಪತ್ರದಷ್ಟು ಸಣ್ಣ ಕಾಗದ.

ಲಾವಣಿ ಸಿಕ್ಕ ಸಾವು, ಸಿಗದ ಸಾವು

1857ರಲ್ಲಿ ಇಂಗ್ಲಿಷರು ಎಲ್ಲರೂ ಆಯುಧ ಒಪ್ಪಿಸಬೇಕೆಂದು ಕಾನೂನು ತಂದರು. ಮುಧೋಳ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯ ಮೇಲೆ ಬದುಕುವವರಿಗೆ ಹತಾರ ಕೊಡುವುದೆಂದರೆ ಕೈ ಕತ್ತರಿಸಿ ಕೊಟ್ಟ ಹಾಗೆ. ನವೆಂಬರ್‌ನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು.

ಈ ಕಥೆ ಇವತ್ತು ಕರ್ನಾಟಕದ ಲಕ್ಷಾಂತರ ಮಕ್ಕಳಿಗೆ ಗೊತ್ತು. ಕಾರಣ ಒಂದು ಲಾವಣಿ. ಅದನ್ನು ಹಾಡಿದವರಿದ್ದರು, ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ, ಕೊನೆಗೆ ಅದು ಹತ್ತನೇ ತರಗತಿಯ ಪಾಠವಾಯಿತು. ಆ ಲಾವಣಿಯ ಒಂದು ಜಾಗ ಮನಸ್ಸನ್ನು ಕಲಕುತ್ತದೆ. ಲೂಟಿಯಾದದ್ದರ ಪಟ್ಟಿ ಅದು. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ. ರಾಜರ ಕಥೆಯಲ್ಲಿ ಮುತ್ತು ರತ್ನ ಲೂಟಿಯಾಗುತ್ತವೆ. ಇಲ್ಲಿ ಹೋದದ್ದು ಅಡುಗೆಮನೆ.

ಈಗ ಅಲ್ಲಿಂದ ಬರೀ ಇಪ್ಪತ್ತು ವರ್ಷ ಮುಂದೆ ಬನ್ನಿ. ಇವತ್ತಿನ ಬಾಗಲಕೋಟೆ, ವಿಜಯಪುರ ಭಾಗಕ್ಕೆ ಆಗ ಕಲಾದಗಿ ಜಿಲ್ಲೆ ಎಂದು ಹೆಸರು. ಈಗ ದಾಳಿಂಬೆಗೆ ಹೆಸರಾದ ಕಲಾದಗಿಯೇ ಜಿಲ್ಲಾ ಕೇಂದ್ರ. 1876ರಲ್ಲಿ ಮಳೆ ಕೈಕೊಟ್ಟಿತು. 1872ರ ಜನಗಣತಿಯಲ್ಲಿ ಆ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರಲ್ಲಿ ಆರೂವರೆ ಲಕ್ಷವೂ ಇರಲಿಲ್ಲ. ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಕಾಣೆ. ಗುಳೆ ಹೋದವರೂ ಇದರಲ್ಲಿ ಸೇರಿದ್ದಾರೆ, ನಿಜ. ಆದರೂ ಈ ನೆಲದಲ್ಲಿ ಇಷ್ಟು ದೊಡ್ಡ ಸಾವು ಹಲಗಲಿಯ ಬೆಂಕಿಯಲ್ಲೂ ಆಗಿರಲಿಲ್ಲ, ಕಿತ್ತೂರಿನ ಯುದ್ಧದಲ್ಲೂ ಆಗಿರಲಿಲ್ಲ. ಆದರೆ ಯಾವ ಮಗುವಿನ ಪಾಠದಲ್ಲಿ ಕಲಾದಗಿಯ ಬರ ಹಲಗಲಿಯಷ್ಟು ಜಾಗ ಪಡೆದಿದೆ?

ಯಾಕೆ ಹೀಗೆ? ದಂಗೆಗೆ ನಾಯಕರಿರುತ್ತಾರೆ, ಶತ್ರು ಇರುತ್ತಾನೆ, ತಾರೀಕು ಇರುತ್ತದೆ. ಹಾಡು ಕಟ್ಟಲು ಅಷ್ಟು ಸಾಕು. ಬರ ಎರಡು ವರ್ಷ ನಿಧಾನಕ್ಕೆ ಕೊಲ್ಲುತ್ತದೆ. ಸಾಯುವವರು ಮೊದಲು ಕೂಲಿಯವರು, ಭೂಮಿ ಇಲ್ಲದವರು, ಬರಹ ಗೊತ್ತಿಲ್ಲದವರು. ಉಳಿದವರಿಗೆ ತಾವು ಹೇಗೆ ಉಳಿದೆವು ಎಂದು ಹೇಳಿಕೊಳ್ಳುವುದೇ ಕಷ್ಟ. ಅದಕ್ಕೇ ಬರದಿಂದ ಉಳಿಯುವುದು ಬಹಳ ಸಲ ಒಂದು ಹೆಸರಷ್ಟೇ. 1791–92ರ ಬರಕ್ಕೆ ನಮ್ಮ ಜನ ‘ಡೋಗಿ ಬರ’ ಎಂದರು, ತಲೆಬುರುಡೆಯ ಬರ ಎಂದು. ನೆನಪಿನ ಗಾತ್ರ ಸಾವಿನ ಗಾತ್ರವನ್ನು ಹಿಂಬಾಲಿಸುವುದಿಲ್ಲ. ಹಾಡುವವರು, ಬರೆಯುವವರು, ಪಠ್ಯ ಮಾಡುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗುತ್ತದೆ.

ಬರ ಪ್ರಕೃತಿಯದ್ದೋ, ಸರ್ಕಾರದ್ದೋ?

ಇಲ್ಲಿ ಎರಡು ವಾದ ಇವೆ. ಮಳೆ ಬರಲಿಲ್ಲ, ರೈಲು ಕಡಿಮೆ ಇತ್ತು, ಆಗಿನ ಆಡಳಿತಕ್ಕೆ ಅಷ್ಟೇ ಗೊತ್ತಿತ್ತು ಎಂಬುದು ಒಂದು. ಮಳೆ ಬಾರದಿದ್ದದ್ದು ಪ್ರಕೃತಿ, ಜನ ಸತ್ತದ್ದು ಆಡಳಿತ ಎಂಬುದು ಇನ್ನೊಂದು.

ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆ ಎರಡನೆಯ ವಾದಕ್ಕೆ ಬಲ ಕೊಡುತ್ತದೆ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಆತ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ. ಸಾವು ಬಹಳ ಕಡಿಮೆಯಾಯಿತು. ಅಂದರೆ ತಡೆಯುವುದು ಗೊತ್ತಿತ್ತು. ಆದರೆ ಖರ್ಚು ಜಾಸ್ತಿ ಮಾಡಿದೆ ಎಂದು ಮೇಲಿನವರಿಂದ ಬೈಸಿಕೊಂಡ. 1877ರಲ್ಲಿ ದಖ್ಖನ್ನಿನ ಬರಕ್ಕೆ ಅವನನ್ನೇ ಕಳಿಸಿದಾಗ ಕೈ ಬಿಗಿ ಹಿಡಿದ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಸಿಗೆ ಒಂದು ಪೌಂಡ್, ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ ಧಾನ್ಯ, ಮೇಲೆ ಒಂದು ಆಣೆ. ಮುಂಬೈ ಪ್ರಾಂತದಲ್ಲಿ ಕೂಲಿಗಳು ಕೆಲಸ ಬಿಟ್ಟು ಎದ್ದು ಹೋದರು. ಅದೇ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ಚಕ್ರವರ್ತಿನಿ ಆದ ದರ್ಬಾರು. ಧಾನ್ಯದ ರಫ್ತೂ ನಿಲ್ಲಲಿಲ್ಲ. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ 1876–78ರಲ್ಲಿ ಸತ್ತವರು 50 ಲಕ್ಷಕ್ಕೂ ಜಾಸ್ತಿ ಎಂಬುದು ಅಂದಾಜು.

ಇದನ್ನು ಜನಾಂಗ ಹತ್ಯೆ ಎನ್ನಬಹುದಾ? ಕನ್ನಡಿಗರನ್ನೋ ಮರಾಠಿಗರನ್ನೋ ನಾಶ ಮಾಡಬೇಕೆಂಬ ಉದ್ದೇಶ ತೋರಿಸುವುದು ಕಷ್ಟ. ಸೋವಿಯತ್ ಆಳ್ವಿಕೆಯಲ್ಲಿ ತನ್ನ ನೆಲಕ್ಕೆ ಬಂದ 1932–33ರ ಬರಗಾಲವನ್ನು ಉಕ್ರೇನ್ 2006ರಲ್ಲಿ ಕಾನೂನು ಮಾಡಿ ಜನಾಂಗ ಹತ್ಯೆ ಎಂದಿತು. ರಷ್ಯಾ ಒಪ್ಪುವುದಿಲ್ಲ, ವಿದ್ವಾಂಸರಲ್ಲೂ ಒಮ್ಮತವಿಲ್ಲ. ಆ ಹೆಸರಿನ ಹಿಂದೆ ಬಿದ್ದರೆ ಕಲಾದಗಿಯ ಪ್ರಕರಣ ಮೊದಲ ಮೆಟ್ಟಿಲಲ್ಲೇ ಬಿದ್ದುಹೋಗುತ್ತದೆ. ‘ಹಾಗಾದರೆ ಅದು ಅಪರಾಧವೇ ಅಲ್ಲ’ ಎಂದು ಕಡತ ಮುಚ್ಚುತ್ತಾರೆ. ನಷ್ಟ ಆಗುವುದು ಅಲ್ಲಿ. ಉದ್ದೇಶ ಇರಲಿಲ್ಲ ಎಂದ ಮಾತ್ರಕ್ಕೆ ಹೊಣೆ ಇರಲಿಲ್ಲ ಎಂದಾಗುವುದಿಲ್ಲ. ಉಳಿಸುವ ದಾರಿ ಗೊತ್ತಿದ್ದೂ ದುಡ್ಡಿನ ಲೆಕ್ಕ ನೋಡಿದವರ ಹೊಣೆಗೆ ಬೇರೆ ಹೆಸರು ಬೇಕು, ಅಷ್ಟೇ.

ಮುಂದೆ ಏನಾಗಬಹುದು

ಕೆರಿಬಿಯನ್ ದೇಶಗಳ ಒಕ್ಕೂಟ 2014ರಲ್ಲಿ ಗುಲಾಮಗಿರಿಯ ಪರಿಹಾರಕ್ಕಾಗಿ ಹತ್ತು ಅಂಶಗಳ ಬೇಡಿಕೆ ಪಟ್ಟಿ ಮುಂದಿಟ್ಟಿತ್ತು. ಆಫ್ರಿಕಾ ಈಗ ಜೊತೆ ಸೇರಿದೆ. ದುಡ್ಡು ಸುಲಭಕ್ಕೆ ಹುಟ್ಟುವುದಿಲ್ಲ. ಆದರೆ ಕಡತಗಳು ತೆರೆಯುತ್ತಿವೆ, ಯಾವ ಮನೆತನಕ್ಕೆ ಎಷ್ಟು ಪರಿಹಾರ ಸಿಕ್ಕಿತ್ತು ಎಂಬ ಲೆಕ್ಕ ಹೊರಬಂದಿದೆ. ಹೇಗ್‌ನ ತೀರ್ಪುಗಳು ಯಾವ ಕಡೆ ಬಂದರೂ ‘ಉದ್ದೇಶ’ವನ್ನು ಹೇಗೆ ಸಾಬೀತು ಮಾಡಬೇಕು ಎಂಬುದಕ್ಕೆ ಹೊಸ ದಾರಿ ಹಾಕುತ್ತವೆ. ಅದರ ಪರಿಣಾಮ ಮುಂದಿನ ಎಲ್ಲ ದಾವೆಗಳ ಮೇಲೂ ಆಗುತ್ತದೆ.

ನಮ್ಮ ಭಾಗಕ್ಕೆ ಹತ್ತಿರದ ತಾರೀಕು ಒಂದಿದೆ. ಕಲಾದಗಿ ಬರ ಶುರುವಾಗಿ 2026ಕ್ಕೆ 150 ವರ್ಷ. ಅದರ ಗುರುತು ಪೂರ್ತಿ ಅಳಿದಿಲ್ಲ. ಆ ಬರದ ನಂತರ ಸರ್ಕಾರ ಎಚ್ಚೆತ್ತು, ಮುಂದೆ ಧಾನ್ಯ ಸಾಗಿಸಲು ಅನುಕೂಲವಾಗಲಿ ಎಂದು ಕೆಲವು ರೈಲು ಮಾರ್ಗ ಹಾಕಿಸಿತು. ಅವುಗಳನ್ನು ಬರದ ಮಾರ್ಗಗಳು ಎಂದೇ ಕರೆಯುತ್ತಿದ್ದರು. 1884ರಲ್ಲಿ ಶುರುವಾದ ಹೊಟಗಿ–ಗದಗ ಮಾರ್ಗ ಅದರಲ್ಲಿ ಒಂದು. ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ದಾಟಿ ಗದಗಿಗೆ ಹೋಗುವ ರೈಲು ಇವತ್ತೂ ಅದೇ ದಾರಿಯಲ್ಲಿ ಓಡುತ್ತದೆ. ಬಾಗಲಕೋಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಎರಡೇ ಸಾಲಿನ ಫಲಕ ಹಾಕಿದರೆ ಸಾಕು: 1872ರ ಜನಗಣತಿಯ ಸಂಖ್ಯೆ ಒಂದು ಸಾಲು, 1881ರದ್ದು ಇನ್ನೊಂದು ಸಾಲು.